ಎದುರಿಗೆ ಬರೋ ಗಾಡಿಗೆ ಇನ್ಶೂರೆನ್ಸ್ ಇದೆಯಾ?

ನಮ್ಮ ಕೊಳ್ಳೇಗಾಲದ ಕಡೆ ಗಾಡಿ ಇನ್ಶೂರೆನ್ಸ್ ಅಂದ್ರೆ ಪೊಲೀಸರು ಕೈ ಅಡ್ಡ ಹಾಕಿದಾಗ ತೋರಿಸೋ ಕಾಗದ, ಅಷ್ಟೇ. ವರ್ಷಕ್ಕೊಮ್ಮೆ ಏಜೆಂಟ್ ಫೋನ್ ಮಾಡ್ತಾರೆ, "ಅಣ್ಣ, ಥರ್ಡ್ ಪಾರ್ಟಿ ಸಾಕಾ, ಫುಲ್ ಹಾಕ್ಲಾ?" ಅಂತಾರೆ. "ಯಾವ್ದು ಕಮ್ಮಿಯೋ ಅದ್ ಹಾಕಪ್ಪ" ಅಂತೀವಿ. ಆ ಕಾಗದ ಯಾರನ್ನು ಕಾಯುತ್ತೆ ಅಂತ ಕೇಳೋರು ಕಡಿಮೆ.

ಥರ್ಡ್ ಪಾರ್ಟಿ ವಿಮೆ ನಮ್ಮನ್ನು ಕಾಯೋದಲ್ಲ ಸ್ವಾಮಿ! ನಮ್ಮ ಗಾಡಿಯಿಂದ ಬೇರೆಯವರಿಗೆ ಏಟಾದ್ರೆ ಅವರಿಗೆ ಪರಿಹಾರ ಕೊಡೋಕೆ ಇರೋದು ಅದು. ನಮಗೆ ಏಟಾದ್ರೆ ಎದುರಿನವನ ಕಾಗದ ನಮ್ಮನ್ನು ಕಾಯಬೇಕು. ಅವನ ಹತ್ರ ಅದು ಇಲ್ಲದೇ ಇದ್ರೆ?

ನಮ್ಮ ರಸ್ತೆಗಳನ್ನು ನೋಡಿದವರಿಗೆ ಇದು ಬರೀ ಊಹೆಯ ಪ್ರಶ್ನೆ ಅಲ್ಲ. ಹನೂರು ದಾಟಿ ಕೌದಳ್ಳಿ ಕಡೆ ಹೋದ್ರೆ ರಸ್ತೆ ಮೇಲೇ ಹುರುಳಿ ಒಕ್ಕಣೆ. ಶಿವರಾತ್ರಿ ಬಂತೆಂದ್ರೆ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟವರ ಸಾಲು. ಅದರ ಮಧ್ಯೆ ನಂಬರ್ ಪ್ಲೇಟ್ ಮಾಸಿದ ಮೊಪೆಡ್ಡು, ಹಿಂದೆ ಲೈಟಿಲ್ಲದ ಟ್ರೈಲರ್. "ಇನ್ಸೂರೆನ್ಸಾ? ಹೊಲಕ್ಕೂ ಮನೆಗೂ ಓಡಾಡೋ ಗಾಡಿಗೆ ಅದ್ಯಾಕಣ್ಣ?" ಅನ್ನೋ ಮಾತು ಎಷ್ಟು ಸಲ ಕೇಳಿದ್ದೀನೋ.

ನಮ್ಮ ಚಿಕ್ಕಪ್ಪನ ಮಗನಿಗೆ ಆಗಿದ್ದು ಇದೇ. ಯಳಂದೂರಿನಿಂದ ಕತ್ತಲಾಗೋ ಹೊತ್ತಿಗೆ ಕಾರಲ್ಲಿ ಬರ್ತಿದ್ದ. ಕಬ್ಬಿನ ಟ್ರ್ಯಾಕ್ಟರ್ ಒಂದು ಪಕ್ಕದ ಹಾದಿಯಿಂದ ಸೀದಾ ಹೆದ್ದಾರಿಗೆ ನುಗ್ಗಿತು. ಅವನ ತೊಡೆ ಮೂಳೆ ಎರಡು ತುಂಡು, ಪಕ್ಕದಲ್ಲಿದ್ದ ಅತ್ತಿಗೆಯ ಕೈ ಮುರಿತ. ತಪ್ಪು ಟ್ರ್ಯಾಕ್ಟರಿನದೇ ಅಂತ ಪೊಲೀಸರೂ ಬರೆದರು. ಆದ್ರೆ ಅದರ ವಿಮೆ ಮುಗಿದು ನಾಲ್ಕು ವರ್ಷ ಆಗಿತ್ತು!

ವರ್ಷಗಟ್ಟಲೆ ಅಲೆದ ಮೇಲೆ ತೀರ್ಪು ಬಂತು. ಪರಿಹಾರವನ್ನು ಟ್ರ್ಯಾಕ್ಟರ್ ಮಾಲೀಕನೇ ಕೊಡಬೇಕು ಅಂತ. ಕೊಡದಿದ್ರೆ ಭೂ ಕಂದಾಯದ ಬಾಕಿ ವಸೂಲಿ ಮಾಡೋ ಹಾಗೆ ವಸೂಲಿ ಮಾಡಿಸೋಕೆ ಮೋಟಾರು ವಾಹನ ಕಾಯ್ದೆಯ 174ನೇ ಕಲಮಿನಲ್ಲಿ ದಾರಿ ಇದೆ. ಆ ಮನುಷ್ಯನಿಗೆ ಇದ್ದದ್ದು ಎರಡು ಎಕರೆ, ಅದರ ಮೇಲೆ ಸಾಲ. ಒಂದು ದಿನ ಹೆಂಡತೀನ ಕರ್ಕೊಂಡು ನಮ್ಮ ಜಗುಲಿ ಮೇಲೆ ಬಂದು ಕೂತ. "ಅಣ್ಣ, ಹೊಲ ಹೋದ್ರೆ ಮಕ್ಕಳಿಗೇನ್ ಇಕ್ಲಿ?" ಅಂದ. ಅವರು ಹೋದ ಮೇಲೆ ನಮ್ಮ ಹುಡುಗ, "ಅವರ ಹೊಲ ಹರಾಜು ಹಾಕ್ಸಿ ನಾನು ಉಂಡು ಮಲಗೋಕಾಗುತ್ತಾ?" ಅಂತ ಸುಮ್ಮನಾದ. ಆಸ್ಪತ್ರೆ ಸಾಲವನ್ನು ಇವತ್ತಿಗೂ ಅವನೇ ತೀರಿಸ್ತಿದ್ದಾನೆ. ವಿಮೆ ಇಲ್ಲದ ಒಂದು ಗಾಡಿ ಎರಡು ಮನೆಗಳನ್ನು ಮುರೀತು.

ಕಾನೂನು ಇಲ್ಲ ಅಂತಲ್ಲ. 1988ರ ಕಾಯ್ದೆಯ 146ನೇ ಕಲಮಿನ ಪ್ರಕಾರ ವಿಮೆ ಕಡ್ಡಾಯ. ಇಲ್ಲದೆ ಸಿಕ್ಕಿಬಿದ್ರೆ ಮೊದಲ ಸಲ 2000 ರೂಪಾಯಿ ದಂಡ, ಮತ್ತೆ ಸಿಕ್ಕರೆ 4000, ಜೈಲು ಶಿಕ್ಷೆಗೂ ಅವಕಾಶ ಇದೆ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಮೊದಲೇ ಕಟ್ಟಿಸ್ತಾರೆ. ಆ ಅವಧಿ ಮುಗಿದ ಮೇಲೆ? ಗಾಡಿ ಕೈ ಬದಲಾಗುತ್ತೆ, ಕಾಗದ ಮರೆತುಹೋಗುತ್ತೆ.

ಅಮೆರಿಕದಲ್ಲಿರೋ ಗೆಳೆಯನಿಗೆ ಈ ಕತೆ ಹೇಳಿದೆ. ಅಲ್ಲಿ ಇದಕ್ಕೇ ಬೇರೆ ರಕ್ಷಣೆ ಸಿಗುತ್ತಂತೆ. ಗುದ್ದಿದವನಿಗೆ ವಿಮೆ ಇಲ್ಲದಿದ್ರೆ, ಇದ್ದೂ ಸಾಲದೇ ಹೋದ್ರೆ, ನಮ್ಮ ಕಂಪನಿಯೇ ನಮಗೆ ಕೊಡುತ್ತೆ. ನಮ್ಮಲ್ಲಿ ಸಾವುನೋವಿನ ಮಟ್ಟಿಗೆ ಥರ್ಡ್ ಪಾರ್ಟಿ ಪರಿಹಾರಕ್ಕೆ ಮಿತಿ ಇಲ್ಲ. ಹಾಗಾಗಿ 'ಸಾಲದ ವಿಮೆ' ಅನ್ನೋ ತೊಂದರೆ ಕಡಿಮೆ. ಇದ್ರೆ ಪೂರ್ತಿ, ಇಲ್ಲದಿದ್ರೆ ಸೊನ್ನೆ. ಒಂದು ಎಚ್ಚರಿಕೆ ಮಾತ್ರ ಇದೆ. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತವರಿಗೆ ಕಂಪನಿ ಜವಾಬ್ದಾರಿ ಅಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಗೂಡ್ಸ್ ಆಟೋದಲ್ಲಿ ಮದುವೆ, ಜಾತ್ರೆಗೆ ಹೊರಡೋರು ಇದನ್ನು ಗಮನಿಸಿ.

ಇನ್ನೊಂದು ವಿಚಿತ್ರ ನೋಡಿ. ಗುದ್ದಿದ ಗಾಡಿ ಪತ್ತೆಯೇ ಆಗದಿದ್ರೆ, 2022ರ ಏಪ್ರಿಲ್‌ನಿಂದ ಜಾರಿಯಾದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಸಿಗುತ್ತೆ. ಗುದ್ದಿದವನು ಓಡಿಹೋಗದೆ ಅಲ್ಲೇ ನಿಂತು, ಅವನಿಗೆ ವಿಮೆ ಇಲ್ಲದಿದ್ರೆ ಆ ದುಡ್ಡಿಲ್ಲ. 2025ರಿಂದ ಮಾತ್ರ ಒಂದು ಸಮಾಧಾನ ಇದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ಮಿತಿಯೊಳಗೆ ನಗದುರಹಿತ ಚಿಕಿತ್ಸೆ. ತೊಡೆ ಮೂಳೆ ಕೂಡೋಕೆ ಏಳು ದಿನ ಎಲ್ಲಿ ಸಾಕು?

ಹಾಗಾಗಿ ನಮ್ಮ ಕೈಲಾದದ್ದನ್ನು ನಾವೇ ಮಾಡ್ಕೋಬೇಕು. ಪಾಲಿಸಿ ತೆಗೆದು ಪಿ.ಎ. ಅನ್ನೋ ಸಾಲು ಹುಡುಕಿ. ಮಾಲೀಕ ತಾನೇ ಓಡಿಸುವಾಗ ತೀರಿಕೊಂಡ್ರೆ, ಶಾಶ್ವತವಾಗಿ ಪೂರ್ತಿ ಅಂಗವಿಕಲನಾದ್ರೆ, ತಪ್ಪು ಯಾರದ್ದೇ ಇರಲಿ 15 ಲಕ್ಷ ಕೊಡೋ ರಕ್ಷಣೆ ಅದು. ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಕಾರು ಹೆಂಡತಿ ಹೆಸರಲ್ಲಿದ್ದು ನೀವು ಓಡಿಸ್ತಿದ್ರೆ ನಿಮಗೆ ಅದು ಅನ್ವಯಿಸಲ್ಲ! ಪಕ್ಕದಲ್ಲಿ, ಹಿಂದೆ ಕೂರೋರಿಗೆ ಬೇರೆ ಪಿ.ಎ. ಸೇರಿಸಬೇಕು, ಕೇಳದೆ ಯಾರೂ ಹಾಕಲ್ಲ. ಕಾರಿನ ರಿಪೇರಿಗೆ ಓನ್ ಡ್ಯಾಮೇಜ್, ಮೂಳೆ ಮುರಿದ್ರೆ ಆಸ್ಪತ್ರೆ ಖರ್ಚಿಗೆ ಆರೋಗ್ಯ ವಿಮೆ. ಇವು ನಾಲ್ಕೂ ಬೇರೆ ಬೇರೆ.

ಐದನೆಯದು ನನ್ನ ಅಭ್ಯಾಸ. ಬೀದಿಯಲ್ಲಿ ಟ್ರ್ಯಾಕ್ಟರ್ ಇಟ್ಕೊಂಡಿರೋ ನಾಲ್ಕು ಜನಕ್ಕೆ ಪ್ರತಿ ವರ್ಷ ಸುಗ್ಗಿಗೆ ಮುಂಚೆ "ಇನ್ಶೂರೆನ್ಸ್ ಕಟ್ಟಿದ್ರಾ?" ಅಂತ ಕೇಳ್ತೀನಿ. ಇಬ್ಬರು ಬೈಕೊಂಡು ಕಟ್ತಾರೆ. ಒಬ್ಬರು ನಾಳೆ ಅಂತಾರೆ. ಇನ್ನೊಬ್ಬರು ನನ್ನನ್ನು ಕಂಡ್ರೆ ದಾರಿ ಬದಲಾಯಿಸ್ತಾರೆ. ಕೇಳೋದನ್ನಂತೂ ಬಿಟ್ಟಿಲ್ಲ.