ಬೈಲಕುಪ್ಪೆಯಲ್ಲಿ ಬಿದಿರು ಕೊಳವೆಯ ರಾಗಿ

ಹುಣಸೂರು ದಾಟಿ ಬಸ್ಸು ಪಿರಿಯಾಪಟ್ಟಣದ ಕಡೆ ಹೊರಟರೆ ರಸ್ತೆಯ ಆಚೀಚೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು ಕಾಣಿಸುತ್ತವೆ. ನಾವು ಹೋದದ್ದು ಲೋಸಾರ್, ಅಂದರೆ ಟಿಬೆಟಿನವರ ಹೊಸ ವರ್ಷದ ಸಮಯದಲ್ಲಿ. ಅದು ಫೆಬ್ರವರಿ ಇಲ್ಲವೇ ಮಾರ್ಚಿಯಲ್ಲಿ ಬರುತ್ತದೆ. ಮೈಸೂರಿನಿಂದ ಬೈಲಕುಪ್ಪೆಗೆ ಸುಮಾರು 80 ಕಿಲೋಮೀಟರು. ಕಾವೇರಿ ದಾಟಿದರೆ ಕೊಡಗಿನ ಕುಶಾಲನಗರ.

ಚಿನ್ನದ ಬುದ್ಧನ ಗುಡಿಯನ್ನು ಎಲ್ಲರೂ ನೋಡಿ ಬರುತ್ತಾರೆ, ನಾವೂ ನೋಡಿದೆವು. ನಾನು ಹೇಳಹೊರಟಿರುವುದು ಅಲ್ಲಿಯ ಒಂದು ಅಡಿಗೆಮನೆಯ ವಿಷಯ.

ನಮ್ಮವರ ಹಳೆಯ ಪರಿಚಯದ ಮನೆ. ಮನೆಯಾಕೆಯನ್ನು ಎಲ್ಲರೂ ‘ಅಮಲ’ ಅಂತಾರೆ, ನಮ್ಮಲ್ಲಿ ಅಮ್ಮಾವ್ರೇ ಅಂದ ಹಾಗೆ. ದಲೈಲಾಮಾ 1959ರಲ್ಲಿ ಭಾರತಕ್ಕೆ ಬಂದ ಮೇಲೆ ಇಲ್ಲಿ ಟಿಬೆಟನ್ನರಿಗೆ ಜಮೀನು ಕೊಟ್ಟಾಗ ಈಕೆ ಪುಟ್ಟ ಹುಡುಗಿ. ಕಾಡು ಕಡಿದು ಜೋಳ ಬಿತ್ತಿದ್ದು, ರಾತ್ರಿ ಆನೆ ಬಂದಾಗ ಡಬ್ಬ ಬಡಿದದ್ದು ಎಲ್ಲವನ್ನೂ ಅಚ್ಚ ಕನ್ನಡದಲ್ಲಿ ಹೇಳಿದರು.

ಮೊದಲು ಉಪ್ಪು, ಬೆಣ್ಣೆ ಹಾಕಿದ ಚಹಾ ಬಂತು. ಚಹಾ ಅಂದುಕೊಂಡು ಕುಡಿದರೆ ಕಷ್ಟ, ಸಾರು ಅಂದುಕೊಂಡರೆ ಹಿತವಾಗಿದೆ! ಜೊತೆಗೆ ಹುರಿದ ಬಾರ್ಲಿಯ ಹಿಟ್ಟು, ಸಾಕ್ಷಾತ್ ನಮ್ಮ ರಾಗಿ ಹುರಿಹಿಟ್ಟಿನ ಅಕ್ಕನೇ.

ಆಮೇಲೆ ಅಮಲ ಒಂದು ಬಿದಿರಿನ ಪಾತ್ರೆ ತಂದಿಟ್ಟರು. ಒಳಗೆ ಹುಳಿಬಂದ ಇಡೀ ರಾಗಿ. ಗ್ಯಾಂಗ್‌ಟಾಕ್‌ನಲ್ಲಿರುವ ತಂಗಿ ಹಬ್ಬಕ್ಕೆ ಕಳಿಸಿದ್ದಂತೆ. ಲಿಂಬು ಜನರ ತೊಂಬಾ ಇದು. ನೇಪಾಳ, ಸಿಕ್ಕಿಂ, ಡಾರ್ಜಿಲಿಂಗ್ ಕಡೆಯ ಬಿಯರು. ರಾಗಿ ಬೇಯಿಸಿ, ಆರಿಸಿ, ‘ಮರ್ಚಾ’ ಎಂಬ ಹುದುಗಿನ ಬಿಲ್ಲೆ ಪುಡಿಮಾಡಿ ಬೆರೆಸಿ, ಬೆಚ್ಚಗೆ ಮುಚ್ಚಿಡುತ್ತಾರೆ. ಕುಡಿಯುವಾಗ ಮೇಲೆ ಬಿಸಿನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು, ಬಿದಿರ ಕೊಳವೆಯಿಂದ ಹೀರುವುದು. (ಅಳತೆ ಕೇಳಬೇಡಿ. ಲೈಸೆನ್ಸಿಲ್ಲದೆ ಮನೆಯಲ್ಲಿ ಇದನ್ನು ಮಾಡಿದರೆ ನಮ್ಮ ರಾಜ್ಯದಲ್ಲಿ ಅಬಕಾರಿಯವರು ಬಾಗಿಲಿಗೆ ಬರುತ್ತಾರೆ.)

ನನಗೆ ಕೈ ಮುಂದೆ ಹೋಗಲಿಲ್ಲ. ನಮ್ಮ ಬೀದಿಯಲ್ಲಿ ಸಾರಾಯಿಗೆ ತಾಳಿ ಮಾರಿದ ಮನೆಗಳನ್ನು ಕಂಡವಳು ನಾನು. 2007ರ ಜುಲೈಯಲ್ಲಿ ಸಾರಾಯಿ ನಿಂತಾಗ ದೇವರಿಗೆ ಕಾಯಿ ಒಡೆದಿದ್ದೆ. ಅಂಗಡಿಯಲ್ಲಿ ಬಾಟಲಿ ಬೇರೆಯಾಯಿತೇ ಹೊರತು ಕುಡಿತ ನಿಲ್ಲಲಿಲ್ಲ ಅನ್ನುವುದು ಬೇರೆ ಮಾತು. ಅಮಲ ಒತ್ತಾಯ ಮಾಡಲಿಲ್ಲ. “ನಮ್ಮಲ್ಲೂ ಗಂಡಸರು ಕೆಟ್ಟಿದ್ದಾರೆ ತಾಯಿ. ಇದು ಹಬ್ಬಕ್ಕೆ ಹೆಂಗಸರು ಮಾಡೋದು, ಹೆಂಗಸರೇ ಬಡಿಸೋದು. ಎಷ್ಟು ಸಾಕು ಅಂತ ಹೇಳೋಳೂ ಅವಳೇ” ಅಂದರು. ಆ ಮಾತಿಗೆ ಕೊಳವೆ ಬಾಯಿಗಿಟ್ಟೆ.

ಮೊದಲ ನೀರು: ಎರಡು ದಿನದ ದೋಸೆಹಿಟ್ಟಿನ ವಾಸನೆ, ಹಿಂದೆಯೇ ಹಲಸಿನ ಹಣ್ಣಿನದು. ಹುಳಿ ಜಾಸ್ತಿ. ಹತ್ತಕ್ಕೆ ಐದು. ಎರಡನೆಯ ನೀರಿಗೆ ಸಿಹಿ ಇಳಿದು ಮೈ ಬೆಚ್ಚಗಾಯಿತು, ಏಳು ಕೊಡಬಹುದು. ನಾನು ಅಲ್ಲಿಗೇ ನಿಲ್ಲಿಸಿದೆ. ಮೂರನೆಯದನ್ನು ನಮ್ಮವರು ಹೀರಿ, “ಅಂಬಲಿ ತೊಳೆದ ನೀರು” ಅಂದರು.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಹೀಗೇ ಬಿಯರಿಗೆ ಅಂಕ ಹಾಕುತ್ತಾನೆ. ಅಲ್ಲೇ ಕಾಸಿ ಅಲ್ಲೇ ಬಡಿಸುವ ಜಾಗಗಳು ಸುಮಾರು 2010ರಿಂದ ಅಲ್ಲಿ ಶುರುವಾಗಿವೆ. ಅವನಿಗೆ ಕಹಿ ಲಾಗರ್ ಇಷ್ಟ. ಲಾಗರ್ ಅಂದರೆ ತಣ್ಣಗೆ ವಾರಗಟ್ಟಲೆ ಇಟ್ಟು ಪಕ್ವ ಮಾಡಿದ್ದು. ಬಾರ್ಲಿಯನ್ನು ನಾವು ರಾಗಿ ಮಾಲ್ಟಿಗೆ ಮಾಡುವ ಹಾಗೆ ಮೊಳಕೆ ಬರಿಸಿ ಒಣಗಿಸುತ್ತಾರೆ. ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ಹಿಮಾಚಲದ ಲಾಹೌಲ್‌ನಲ್ಲಿ ಅದನ್ನು ಬೆಳೆಯುತ್ತಾರೆ. ಕಹಿಯ ಜೊತೆಗೆ ಬಿಯರು ಬೇಗ ಕೆಡದಂತೆ ಕಾಯುವುದೂ ಆ ಹೂವೇ. ತೊಂಬಾದಲ್ಲಿ ಆ ಹೂವಿಲ್ಲ, ಆದ್ದರಿಂದ ಕಹಿಯೂ ಇಲ್ಲ.

ಅಮಲನ ಮಕ್ಕಳಿಬ್ಬರೂ ಪರದೇಶದಲ್ಲಿ. ಬಾರ್ಲಿಯ ಛಾಂಗ್ ಮಾಡುವ ಹದ ತಾಯಿಯಿಂದ ತನಗೆ ಬಂತು, ತನ್ನಿಂದ ಕಲಿಯುವವರು ಮನೆಯಲ್ಲಿಲ್ಲ ಅಂದರು. ಹೊರಡುವಾಗ ನಾನು ತಂದಿದ್ದ ಹೆಗ್ಗಡದೇವನಕೋಟೆಯ ರಾಗಿಯನ್ನು ಅಂಗೈಯಲ್ಲಿ ಹರಡಿ ನೋಡಿ, “ಕಾಳು ಚೆನ್ನಾಗಿದೆ. ಇದಕ್ಕೆ ಮುದ್ದೆಯೇ ಸರಿ” ಅಂತ ಡಬ್ಬಿಗೆ ಸುರಿದುಕೊಂಡರು.