ಕೆಲಸಕ್ಕೂ ಆಟಕ್ಕೂ ಒಂದೇ ಯಂತ್ರ

2023ರ ದಸರಾ ರಜೆಗೆ ಮಗಳ ಮಗಳು ಊರಿಗೆ ಬಂದಾಗ ಅವಳ ಕೈಯಲ್ಲೊಂದು ಪಟ್ಟಿಯಿತ್ತು. ಆಗ ಅವಳು ಬೆಂಗಳೂರಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದಳು. "ಅಜ್ಜಾ, ಲ್ಯಾಪ್‌ಟಾಪಿನಲ್ಲಿ ಇನ್ನು ಆಗೋದಿಲ್ಲ. ಒಂದು ಕಟ್ಟಡದ ಚಿತ್ರ ಮೂಡೋಕೆ ಇಡೀ ರಾತ್ರಿ ಬೇಕು" ಎಂದಳು. ಪಟ್ಟಿಯ ಕೊನೆಯಲ್ಲಿದ್ದ ಮೊತ್ತ ಒಂದೂವರೆ ಲಕ್ಷ ರೂಪಾಯಿ. ಮಾಡಿನ ಹೆಂಚು ಬದಲಿಸಲೆಂದು ನಾನು ಇಟ್ಟಿದ್ದ ಠೇವಣಿಯೂ ಹೆಚ್ಚುಕಡಿಮೆ ಅಷ್ಟೇ.

ಮಗಳು ನನ್ನನ್ನು ಒಳಗೆ ಕರೆದು, "ಅಪ್ಪಯ್ಯ, ಅದರಲ್ಲಿ ಅವಳು ಗೇಮ್ ಆಡ್ತಾಳೆ, ಗೊತ್ತಿರಲಿ" ಎಂದು ಎಚ್ಚರಿಸಿದಳು. ಆಟವೆಂದರೆ ನನಗಿದ್ದ ಮುನಿಸು ನನ್ನ ವಿದ್ಯಾರ್ಥಿಗಳಿಗೆ ಚೆನ್ನಾಗಿ ನೆನಪಿರಬೇಕು. ಮೊಮ್ಮಗಳನ್ನೇ ಕೇಳಿದೆ. ಅವಳು ಮುಚ್ಚಿಡಲಿಲ್ಲ. "ಆಡ್ತೀನಜ್ಜಾ. ಎರಡಕ್ಕೂ ಒಂದೇ ಯಂತ್ರ. ಆದರೆ ಆಟಕ್ಕೆ ಒಳ್ಳೇದಾದ ಭಾಗವೇ ಕೆಲಸಕ್ಕೂ ಒಳ್ಳೇದು ಅಂತಿಲ್ಲ, ಅದೇ ಕಷ್ಟ" ಎಂದಳು. ಹಾಗಾದರೆ ಒಂದೊಂದು ಸಾಲನ್ನೂ ವಿವರಿಸು ಎಂದು ಜಗಲಿಯಲ್ಲಿ ಕುಳಿತೆ. ಮೇಷ್ಟರು ಶಿಷ್ಯನಾದದ್ದು ಹೀಗೆ.

ಮೊದಲನೆಯದು ಪ್ರೊಸೆಸರ್. ಎಎಂಡಿ ಕಂಪೆನಿಯ ಎರಡು ಪ್ರೊಸೆಸರುಗಳ ನಡುವೆ ಅವಳ ಮನಸ್ಸು ತೂಗಾಡಿತ್ತು. ರೈಜನ್ 7 7800ಎಕ್ಸ್3ಡಿಯಲ್ಲಿ ಎಂಟು ಕೋರ್‌ಗಳು. ಒಳಗೇ 96 ಎಂಬಿಯಷ್ಟು ದೊಡ್ಡ ಕ್ಯಾಶ್ ಇರುವುದರಿಂದ ಆಟಕ್ಕೆ ಅದು ಹೆಸರುವಾಸಿ. ರೈಜನ್ 9 7900ರಲ್ಲಿ ಹನ್ನೆರಡು ಕೋರ್‌ಗಳು. ಚಿತ್ರವನ್ನು ತುಂಡು ತುಂಡಾಗಿ ಹಂಚಿಕೊಂಡು ಲೆಕ್ಕ ಹಾಕುವ ಕೆಲಸಕ್ಕೆ ಕೈಗಳು ಹೆಚ್ಚಿದ್ದಷ್ಟೂ ಒಳಿತು. ಆಟದ ಹೊತ್ತಿನಲ್ಲಿ ಅವುಗಳಲ್ಲಿ ಹಲವು ಸುಮ್ಮನೆ ಕುಳಿತಿರುತ್ತವೆಯಂತೆ. ನಾಟಿಗೆ ಹನ್ನೆರಡು ಆಳು ಬೇಕು, ಓಟದ ಪಂದ್ಯಕ್ಕೆ ಒಬ್ಬ ಗಟ್ಟಿಗ ಸಾಕು ಎಂದು ನಾನು ಅರ್ಥ ಮಾಡಿಕೊಂಡೆ. ಅವಳು ಹನ್ನೆರಡು ಆಳುಗಳನ್ನೇ ಆರಿಸಿದ್ದಳು.

ಎರಡನೆಯದು ಗ್ರಾಫಿಕ್ಸ್ ಕಾರ್ಡ್. ಅವಳ ಕೆಲವು ತಂತ್ರಾಂಶಗಳು ಚಿತ್ರ ಮೂಡಿಸುವುದು ಪ್ರೊಸೆಸರಿನಲ್ಲಲ್ಲ, ಈ ಕಾರ್ಡಿನಲ್ಲಿ. ಎನ್‌ವಿಡಿಯಾದ ಆರ್‌ಟಿಎಕ್ಸ್ 4070 ಹೆಚ್ಚು ವೇಗದ್ದು, ಆದರೆ ಅದರ ಮೆಮೊರಿ 12 ಜಿಬಿ. 4060 ಟಿಐ ನಿಧಾನ, ಆದರೆ ಅದರ ಒಂದು ಬಗೆಯಲ್ಲಿ 16 ಜಿಬಿ. ಕಟ್ಟಡ, ಅದರ ಗಾಜು, ಮರ, ಅಂಗಳದ ಹುಲ್ಲು ಎಲ್ಲವೂ ಕಾರ್ಡಿನ ಮೆಮೊರಿಯೊಳಗೆ ಹಿಡಿಸಬೇಕು. ಹಿಡಿಸದಿದ್ದರೆ ಕೆಲಸ ಕುಂಟುತ್ತದೆ, ಇಲ್ಲವೇ ನಡುವೆಯೇ ನಿಂತುಹೋಗುತ್ತದೆ. "ಆಟ ಸ್ವಲ್ಪ ನಿಧಾನವಾದರೂ ನಡೆಯುತ್ತೆ ಅಜ್ಜಾ, ಚಿತ್ರ ನಡುವೆ ನಿಂತರೆ ನನ್ನ ಸಬ್‌ಮಿಷನ್ ಹೋಯ್ತು" ಎಂದು ಅವಳು 16 ಜಿಬಿಯದನ್ನು ಗುರುತು ಹಾಕಿದ್ದಳು.

ಆಟದ ಹುಚ್ಚಿಗೆ ಓದಿನ ನೆಪ ಎಂದು ಅನುಮಾನಿಸಿದ್ದವನಿಗೆ ಉತ್ತರ ಆ ಪಟ್ಟಿಯಲ್ಲೇ ಇತ್ತು. ಮರುದಿನ ಬ್ಯಾಂಕಿಗೆ ಹೋಗಿ ಠೇವಣಿ ಮುರಿಸಿದೆ.

ದೀಪಾವಳಿ ಕಳೆದ ಮೇಲೆ ಇಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಅಂಗಡಿಯವರೊಬ್ಬರು ಕ್ಯಾಬಿನೆಟ್ಟಿನ ಜೊತೆಗೆ ಎಸ್‌ಎಂಪಿಎಸ್ ಪುಕ್ಕಟೆ ಕೊಡುತ್ತೇನೆಂದರು. ನಾನು ಹಿಗ್ಗಿದೆ, ಅವಳು ಬೇಡವೆಂದಳು. ಎಲ್ಲ ಭಾಗಗಳಿಗೂ ಕರೆಂಟು ಹಂಚುವುದು ಅದೇ. ಅದು ಕೆಟ್ಟರೆ ತಾನೊಂದೇ ಹೋಗದೆ ಜೊತೆಯವರನ್ನೂ ಕರೆದೊಯ್ಯಬಹುದು. 750 ವ್ಯಾಟಿನ ಒಳ್ಳೆಯದೊಂದನ್ನು ಕೊಂಡಳು. 64 ಜಿಬಿ ರ್‍ಯಾಮಿಗೂ ನಾಲ್ಕರ ಬದಲು 32ರ ಎರಡನ್ನೇ ಕೇಳಿದಳು. ಆ ಪ್ರೊಸೆಸರಿನಲ್ಲಿ ನಾಲ್ಕೂ ಸ್ಥಾನ ತುಂಬಿಸಿದರೆ ಕಂಪೆನಿ ಹೇಳುವ ವೇಗ 5200ರಿಂದ 3600ಕ್ಕೆ ಇಳಿಯುತ್ತದೆ.

ಅವಳ ಕೋಣೆಯ ಚಾಪೆಯ ಮೇಲೆ ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಒಂದು ನಿಮಿಷ, ಎರಡು ನಿಮಿಷ. ನನ್ನ ಹೆಂಚೆಲ್ಲ ಗಾಳಿಗೆ ಹಾರಿದಂತಾಯಿತು. "ಮೊದಲ ಸಲ ರ್‍ಯಾಮನ್ನು ಪಳಗಿಸಿಕೊಳ್ಳುತ್ತೆ, ಕಾಯಬೇಕು" ಎಂದು ಅವಳು ನೀರು ಕುಡಿಯುತ್ತ ಕುಳಿತಳು. ಕೊನೆಗೂ ಬೆಳಕು ಮೂಡಿತು. ರಾತ್ರಿಯಿಡೀ ಬೇಕಾಗಿದ್ದ ಆ ಚಿತ್ರ ನಮ್ಮ ಊಟ ಮುಗಿಯುವುದರೊಳಗೆ ಸಿದ್ಧವಾಗಿತ್ತು.

ಆಮೇಲೆ ಅವಳು ಆಡಿದಳು. ಸಿಟೀಸ್ ಸ್ಕೈಲೈನ್ಸ್ ಎಂಬ, ಊರು ಕಟ್ಟುವ ಆಟ. ಕೊಳಚೆ ನೀರು ನದಿ ಸೇರುವಲ್ಲಿಂದ ಕೆಳಗಡೆ ಕುಡಿಯುವ ನೀರಿನ ಪಂಪು ಇಟ್ಟಿದ್ದಕ್ಕೆ ಊರವರೆಲ್ಲ ಕಾಯಿಲೆ ಬಿದ್ದರು. ತಪ್ಪು ತಿದ್ದಲು ನಾನೂ ಕುರ್ಚಿ ಎಳೆದುಕೊಂಡೆ. ಗಡಿಯಾರ ನೋಡಿದಾಗ ಹನ್ನೊಂದೂವರೆ.

ಆ ರಾತ್ರಿ ನಿದ್ರೆ ಬರಲಿಲ್ಲ. ನಮ್ಮ ಶಾಲೆಗೆ ಮೊದಲ ಗಣಕಯಂತ್ರ ಬಂದ ವರ್ಷ, ಸುಮಾರು 2002ರಲ್ಲಿ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೈನ್‌ಸ್ವೀಪರ್ ಆಡುತ್ತಿದ್ದುದನ್ನು ಕಂಡು ಇಡೀ ವರ್ಷ ಆ ಕೋಣೆಗೆ ಕಾಲಿಡಬಾರದೆಂದು ಶಿಕ್ಷಿಸಿದ್ದೆ. ಅವನು ಅಳಲಿಲ್ಲ, ವಾದಿಸಲೂ ಇಲ್ಲ. ಸಂಜೆ ಯಂತ್ರಕ್ಕೆ ಬಟ್ಟೆ ಹೊದಿಸುವ ಮೊದಲು ನೋಡಿದರೆ, ನಾನು ಕೊಟ್ಟಿದ್ದ ಪುಟವನ್ನು ಒಂದೂ ತಪ್ಪಿಲ್ಲದೆ ಟೈಪು ಮಾಡಿ ಮುಗಿಸಿದ್ದ. ಆಟಕ್ಕೆ ಕುಳಿತದ್ದು ಕೆಲಸ ಮುಗಿದ ಮೇಲೆ. ತಿಳಿದೂ ನಾನು ಶಿಕ್ಷೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಮೇಷ್ಟರ ಮಾತು ಬದಲಾಗಬಾರದೆಂಬ ಹಮ್ಮು.

ಹೆಂಚು ಇನ್ನೊಂದು ಮಳೆಗಾಲ ತಡೆಯಿತು. ಆ ಹುಡುಗನ ಒಂದು ವರ್ಷವನ್ನು ಮಾತ್ರ ನಾನು ಮರಳಿ ಕೊಡಲಾರೆ. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ತಪ್ಪು ನನ್ನದು. ಊರ ಕಡೆ ಬಂದಾಗ ಮನೆಗೆ ಬಾ.