ನಾಳೆ ನಾಲ್ಕಕ್ಕೆ ಬಾ!

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಭಯ ಶುರುವಾಗುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಆಪರೇಷನ್, ಕೀಮೋ, ರೇಡಿಯೇಷನ್ ನಡೆಯುವಾಗ ಹೆದರೋದಕ್ಕೂ ಪುರುಸೊತ್ತು ಇರಲಿಲ್ಲ. ಎಲ್ಲ ಮುಗಿದು ದಿನಕ್ಕೊಂದು ಹಾರ್ಮೋನ್ ಮಾತ್ರೆ ಉಳಿದಾಗ ನನಗೆ 68 ವರ್ಷ. ಸೊಂಟ ಹಿಡಿದರೂ ‘ಮತ್ತೆ ಬಂತೇನೋ’ ಅನ್ನಿಸೋದು. ಮ್ಯಾಮೊಗ್ರಾಂ ದಿನ ಹತ್ತಿರವಾದಂತೆ ನಿದ್ದೆ ದೂರ. ‘ಅತ್ತೆ, ಎಲ್ಲ ಗುಣ ಆಯ್ತಲ್ಲ, ಇನ್ನೇನು ಚಿಂತೆ?’ ಅಂತ ಸೊಸೆ ಪ್ರೀತಿಯಿಂದಲೇ ಕೇಳುತ್ತಿದ್ದಳು. ಅವಳ ಮುಖ ನೋಡಿದರೆ ಹೇಳೋದಕ್ಕೆ ಬಾಯಿ ಬರುತ್ತಿರಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮಾತ್ರೆಯಿಂದಾಗಿ ಕೀಲು ನೋವು ಬೇರೆ. ಬರೀ ಮಾತಾಡೋದಕ್ಕೆಂದು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗುವುದು ಆಗದ ಕೆಲಸ. ಆಗ ಆಸ್ಪತ್ರೆಯ ಆಪ್ತಸಮಾಲೋಚಕಿ, ‘ಅಮ್ಮ, ನೀವು ಬರೋದು ಬೇಡ, ಪ್ರತಿ ಗುರುವಾರ ನಾನೇ ಫೋನ್ ಮಾಡ್ತೀನಿ’ ಅಂದರು. ಎಂಟು ವಾರ ತಪ್ಪದೇ ಮಾಡಿದರು.

ಮೊದಲು ಕಲಿಸಿದ್ದು ಉಸಿರಾಟ: ಮೂರು ಎಣಿಸುತ್ತಾ ಒಳಗೆ, ಐದು ಎಣಿಸುತ್ತಾ ನಿಧಾನವಾಗಿ ಹೊರಗೆ. ಆಮೇಲೆ, ಮಲಗಿಕೊಂಡು ಪಾದದಿಂದ ಶುರುಮಾಡಿ ಮೈಯ ಒಂದೊಂದೇ ಭಾಗವನ್ನು ಬಿಗಿಹಿಡಿದು ಸಡಿಲ ಬಿಡುವುದು. ಆಪರೇಷನ್ ಆದ ಕಡೆಯ ಕೈಯನ್ನು ಮಾತ್ರ ಬಿಗಿ ಮಾಡದೆ ಸುಮ್ಮನೆ ಇಟ್ಟುಕೊಳ್ಳಿ ಅಂದರು. ಮೂರನೆಯದನ್ನು ಕೇಳಿ ನಗು ಬಂತು. ಚಿಂತೆಗೂ ಒಂದು ಹೊತ್ತು ಗೊತ್ತುಮಾಡಬೇಕಂತೆ! ಸಂಜೆ 4ಕ್ಕೆ 15 ನಿಮಿಷ, ಡೈರಿಯಲ್ಲಿ ಬರೆದು ಬರೆದು ಚಿಂತೆ ಮಾಡುವುದು. ರಾತ್ರಿ ಬಂದ ಚಿಂತೆಗೆ ‘ನಾಳೆ ನಾಲ್ಕಕ್ಕೆ ಬಾ’ ಅನ್ನುವುದು. ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದರಲ್ಲ, ಹಾಗೆ. ನಾಲ್ಕು ಗಂಟೆಗೆ ಡೈರಿ ತೆಗೆದರೆ ರಾತ್ರಿಯ ಚಿಂತೆಗಳಲ್ಲಿ ಅರ್ಧ ನೆನಪಿಗೇ ಬರುತ್ತಿರಲಿಲ್ಲ.

ದೂರದಿಂದ ಇದೆಲ್ಲ ಆಗುತ್ತಾ ಅಂತ ಕೇಳುವವರಿದ್ದಾರೆ. ನನಗಂತೂ ದೂರವೇ ಅನುಕೂಲವಾಯಿತು. ಎದುರಿಗೆ ಮುಖ ಇಲ್ಲದ್ದರಿಂದ, ಕನ್ನಡಿ ಮುಂದೆ ನಿಂತು ಸೀರೆ ಉಡುವಾಗಿನ ಸಂಕಟವನ್ನೂ ಹೇಳಿಕೊಂಡೆ. ಮಗನ ಹತ್ತಿರ ಆಡಲಾರದ ಮಾತು ಅದು. ‘ಹೆದರೋದು ತಪ್ಪಲ್ಲಮ್ಮ’ ಅಂದ ಆ ದನಿ ಈಗಲೂ ಕಿವಿಯಲ್ಲಿದೆ.

ಭಯ ಪೂರ್ತಿ ಹೋಯಿತೇ? ಇಲ್ಲ. ಮುಂದಿನ ತಿಂಗಳು ಮತ್ತೆ ಮ್ಯಾಮೊಗ್ರಾಂ ಇದೆ, ಭಯವೂ ಇದೆ. ಆದರೆ ಈಗ ಅದು ಇಡೀ ರಾತ್ರಿಯನ್ನು ನುಂಗುವುದಿಲ್ಲ.

ಇಂಥ ಸಮಾಲೋಚಕರು ಸಿಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಒಂದು ಮಾತು ಮಾತ್ರ ನೆನಪಿರಲಿ: ಹೊಸ ಗಂಟೋ, ಕಡಿಮೆಯಾಗದ ನೋವೋ ಕಾಣಿಸಿದರೆ ಅದಕ್ಕೆ ‘ನಾಳೆ ಬಾ’ ಅನ್ನಬೇಡಿ. ಕೂಡಲೇ ಡಾಕ್ಟರ ಹತ್ತಿರ ಹೋಗಿ.